ಬಣ್ಣ ಬಯಲಾಗುವ ಭಯ

ಅರ್ಹತೆಯಿಂದಲೇ ಒಂದು ಸ್ಥಾನಕ್ಕೆ ಬಂದ ವ್ಯಕ್ತಿಯು ಅದು ತನಗೆ ಸಲ್ಲತಕ್ಕದ್ದಲ್ಲವೆಂದೂ, ಅದೃಷ್ಟದಿಂದಲೋ ಆಯ್ಕೆ ಮಾಡಿದವರ ಕಣ್ತಪ್ಪಿನಿಂದಲೋ ದೊರೆತದ್ದೆಂದೂ, ಇಂದಲ್ಲ ನಾಳೆ ತನ್ನ ಬಣ್ಣ ಬಯಲಾಗುವುದೆಂದೂ ಒಳಗೊಳಗೇ ಅಳುಕುವ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞರು ‘ಇಂಪೋಸ್ಟರ್ ಫಿನಾಮಿನನ್’ ಎಂದು ಕರೆಯುತ್ತಾರೆ; ಕನ್ನಡದಲ್ಲಿ ಇದನ್ನು ‘ಸೋಗಿನ ಭಾವ’ ಎನ್ನಬಹುದು. ಅಮೆರಿಕದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ 1978ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಪದವಿ, ಮನ್ನಣೆ ಎಲ್ಲವೂ ಇದ್ದ 150ಕ್ಕೂ ಹೆಚ್ಚು ಮಹಿಳೆಯರಲ್ಲಿ ತಾವು ಕಂಡ ಈ ಅಳುಕನ್ನು ವಿವರಿಸಿ ಅದಕ್ಕೆ ಹೆಸರಿಟ್ಟರು. ‘ಸಿಂಡ್ರೋಮ್’ ಎಂಬ ಮಾತು ಅನಂತರ ರೂಢಿಗೆ ಬಂದುದೇ ಹೊರತು, ಮನೋರೋಗಗಳ ಅಧಿಕೃತ ಪಟ್ಟಿಗಳಲ್ಲಿ ಇದಕ್ಕೆ ಜಾಗವಿಲ್ಲ.

ಕ್ಲಾನ್ಸ್ ಅವರು ಗುರುತಿಸಿದ ಸುಳಿ ಹೀಗಿದೆ: ಹೊಸ ಕೆಲಸ ಎದುರಾದಾಗ ಇಂಥ ವ್ಯಕ್ತಿ ಒಂದೋ ಅಗತ್ಯಕ್ಕಿಂತ ಹತ್ತು ಪಾಲು ಸಿದ್ಧತೆ ನಡೆಸುತ್ತಾನೆ, ಇಲ್ಲವೇ ಮುಂದೂಡುತ್ತ ಹೋಗಿ ಕೊನೆಯ ಗಳಿಗೆಯಲ್ಲಿ ಓಡಾಡಿ ಮುಗಿಸುತ್ತಾನೆ; ಗೆದ್ದರೆ ಮೊದಲನೆಯದರ ಶ್ರೇಯಸ್ಸು ಮೈಮುರಿದ ದುಡಿಮೆಗೆ, ಎರಡನೆಯದರದ್ದು ಅದೃಷ್ಟಕ್ಕೆ ಸಲ್ಲುವುದರಿಂದ, ಎಷ್ಟೇ ಗೆಲುವು ಬಂದರೂ ಸಾಮರ್ಥ್ಯದ ಖಾತೆಯಲ್ಲಿ ಜಮೆಯ ಕಡೆ ಸೊನ್ನೆಯೇ ಉಳಿಯುತ್ತದೆ.

ಊರು ಬಿಟ್ಟವರಲ್ಲಿ ಈ ಭಾವ ಬಲಿಯುವುದಕ್ಕೆ ಕಾರಣವಿದೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಮೊದಲಿಗನೆನಿಸಿಕೊಂಡವನು ಹೊರನಾಡಿನ ಕಚೇರಿಗೆ ಬಂದಾಗ ಅವನ ಜ್ಞಾನವೇನೂ ಕುಗ್ಗಿರುವುದಿಲ್ಲ. ಆದರೆ ಸಭೆಯಲ್ಲಿ ಯಾವಾಗ ಬಾಯಿ ಹಾಕಬೇಕು, ಯಾವ ಮಾತಿಗೆ ನಗಬೇಕು ಎಂಬ ಅಳತೆಗೋಲುಗಳೆಲ್ಲ ಬದಲಾಗಿರುತ್ತವೆ, ಮತ್ತು ತನ್ನ ತಡವರಿಕೆಯನ್ನು ಒಳಗಿನಿಂದ ಬಲ್ಲ ಅವನಿಗೆ ಉಳಿದವರದ್ದು ಹೊರಗಿನ ಸಲೀಸು ಮಾತ್ರ ಕಾಣುತ್ತದೆ. 2021ರಲ್ಲಿ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ನಲ್ಲಿ ಬರೆದ ರುಚಿಕಾ ತುಲ್ಸ್ಯಾನ್ ಮತ್ತು ಜೋಡಿ-ಆನ್ ಬ್ಯೂರಿ, ಮಹಿಳೆಯರನ್ನು ತಿದ್ದುವ ಬದಲು ಅವರು ದುಡಿಯುವ ಸ್ಥಳಗಳನ್ನು ತಿದ್ದಬೇಕೆಂದು ವಾದಿಸಿದ್ದು ಈ ದೃಷ್ಟಿಯಿಂದ ನ್ಯಾಯವಾಗಿದೆ.

ಸೋಜಿಗವೆಂದರೆ, ಕಚೇರಿಯ ಈ ಅಳುಕನ್ನು ಮರೆಯಲೆಂದು ಕನ್ನಡ ಸಂಘದ ಮೆಟ್ಟಿಲೇರುವವರಿಗೆ ಅಲ್ಲಿಯೂ ಅದೇ ಎದುರಾಗುತ್ತದೆ. ಸಂಘದ ಸಂಚಿಕೆಗೆ ಬರೆಹ ಕೇಳಿದಾಗ ಸಂಪಾದಕ ಮಂಡಳಿಗೆ ಸಾಮಾನ್ಯವಾಗಿ ಬರುವ ಉತ್ತರ, ತಮಗೆ ಅಂಥ ಕನ್ನಡ ಬರುವುದಿಲ್ಲವೆಂಬುದು. (ಭಾಷೆಯನ್ನು ಕನ್ನಡಿಗರು ‘ಬರುತ್ತದೆ’ ಎನ್ನುತ್ತಾರೆಯೇ ಹೊರತು ‘ಇದೆ’ ಎನ್ನುವುದಿಲ್ಲ, ಬಂದದ್ದು ಹೋಗಲೂಬಹುದೆಂಬ ದಿಗಿಲು ಆ ಕ್ರಿಯಾಪದದಲ್ಲೇ ಅಡಗಿರಬಹುದೇನೋ.) ಒತ್ತಾಯಕ್ಕೆ ಮಣಿದು ಬರೆದ ಹಸ್ತಪ್ರತಿಯಲ್ಲಿ ‘ಹೊಂಟೀನಿ’ ಎಂಬುದನ್ನು ಹೊಡೆದು ಮೇಲೆ ‘ಹೊರಟಿದ್ದೇನೆ’ ಎಂದೂ, ‘ಅವ್ವ’ನನ್ನು ಹೊಡೆದು ‘ತಾಯಿಯವರು’ ಎಂದೂ ತಿದ್ದಿರುವುದು ಕಾಣುತ್ತದೆ, ಹೊಡೆದುಹಾಕಿದ ಮಾತುಗಳೇ ಆ ಬರೆಹದ ಜೀವವಾಗಿದ್ದವೆಂಬುದು ಗೆರೆಯ ಅಡಿಯಲ್ಲಿ ಕಣ್ಣಾಡಿಸಿದ ಯಾರಿಗಾದರೂ ತಿಳಿಯುತ್ತದೆ. ಹೊರನಾಡಿನಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಪಾಡು ಇನ್ನೂ ಬಿಗಿ: ರಾಜ್ಯೋತ್ಸವದ ವೇದಿಕೆಯಲ್ಲಿ ಅವರ ಳಕಾರ ಜಾರಿದಾಗ ಸಭೆಯಲ್ಲಿ ಏಳುವ ನಗು ವಾತ್ಸಲ್ಯದ್ದೇ ಆದರೂ, ಮರುವರ್ಷ ಆ ಮಗು ವೇದಿಕೆ ಹತ್ತುವುದಿಲ್ಲ. ಕಚೇರಿಯ ಅಳತೆಗೋಲಿನ ಮೇಲೆ ದೂರುವ ಹಿರಿಯರು ಸಂಘದಲ್ಲಿ ತಾವೇ ಹಿಡಿದಿರುವ ಕೋಲನ್ನು ಗಮನಿಸದಿರುವುದು ಲೋಪವೇ ಸರಿ.

ಕನ್ನಡದ ಇತಿಹಾಸವಂತೂ ಈ ಭಯಕ್ಕೆ ಆಧಾರವೊದಗಿಸುವುದಿಲ್ಲ. ಧಾರವಾಡದ ಆಡುನುಡಿಯನ್ನು ಕಾವ್ಯದ ಎತ್ತರಕ್ಕೇರಿಸಿ 1973ರ ಜ್ಞಾನಪೀಠ ಪಡೆದ ಬೇಂದ್ರೆಯವರ ಮನೆಮಾತು ಮರಾಠಿ. 1983ರಲ್ಲಿ ಅದೇ ಪ್ರಶಸ್ತಿಗೆ ಪಾತ್ರರಾದ ಮಾಸ್ತಿಯವರದ್ದು ತಮಿಳು. 1894ರಲ್ಲಿ ಬೃಹತ್ ಕನ್ನಡ ನಿಘಂಟನ್ನು ಹೊರತಂದ ಕಿಟೆಲ್ ಜರ್ಮನಿಯಿಂದ ಬಂದ ಪಾದ್ರಿ. ಹೊರಗಿನಿಂದ ಬಂದವರನ್ನು ಇಷ್ಟು ಧಾರಾಳವಾಗಿ ತನ್ನವರೆಂದುಕೊಂಡ ಭಾಷೆಯಲ್ಲಿ ಒಳಗಿನವರೇ ಬಾಗಿಲಲ್ಲಿ ನಿಂತು ಅನುಮತಿ ಕೇಳಬೇಕಾಗಿಲ್ಲ.

ಈ ಸಂಚಿಕೆಯಲ್ಲಿ ಲೇಖಕರ ಒಪ್ಪಿಗೆ ಪಡೆದು, ಅವರು ಹೊಡೆದುಹಾಕಿದ್ದ ಊರಿನ ಮಾತುಗಳನ್ನು ಮರಳಿ ಅಚ್ಚಿಗೆ ತರಲಾಗಿದೆ. ‘ಹೊಂಟೀನಿ’ ಎಂಬುದು ಹಾಗೆಯೇ ಇದೆ, ಅವ್ವನೂ ಇದ್ದಾಳೆ. ಮುಂದಿನ ಸಂಚಿಕೆಗೆ ಬರೆಯುವವರು ಅವನ್ನು ಹೊಡೆಯದೆಯೇ ಕಳುಹಿಸಬೇಕಾಗಿ ವಿನಂತಿ.