ಹಿಟ್ಟು ಉಣ್ಣೋದು ಗೊತ್ತು, ತೊಳಸೋದು ಗೊತ್ತಾ?

ರಜೆ ಮುಗಿಸಿ ಹಾಸ್ಟೆಲಿಗೆ ಬರುವಾಗ ಅವ್ವ ಕಟ್ಟಿಕೊಟ್ಟ ಗಂಟನ್ನು ಟ್ರಂಕಿನ ತಳದಲ್ಲಿ ಬಚ್ಚಿಡದವರು ನಮ್ಮಲ್ಲಿ ಎಷ್ಟು ಜನ? ಒಣಬಾಡಿನ ವಾಸನೆ ಪಕ್ಕದವನ ಮೂಗಿಗೆ ತಾಕೀತೆಂದು ಹೆದರದವರು ಎಷ್ಟು ಜನ? ಕಾಲೇಜಿನಲ್ಲಿ 'ನಿಮ್ಮನೇಲಿ ಏನಡಿಗೆ?' ಅಂತ ಕೇಳಿದರೆ, ಉಂಡಿದ್ದು ಹಿಟ್ಟು ಬಸ್ಸಾರು, ಹೇಳಿದ್ದು ಅನ್ನ ಸಾಂಬಾರು. ಆ ಸುಳ್ಳನ್ನು ನಾವೂ ಹೇಳಿದ್ದೇವೆ. ಅದನ್ನು ಹೇಳಿಸಿದ್ದು ಜಾತಿ.

ನಾಚಿಕೆ ಪಡುವಂಥದ್ದು ಅದರಲ್ಲಿ ಏನಿದೆ? ಬಸ್ಸಾರನ್ನೇ ನೋಡಿ. ಹುರುಳಿಕಾಳು, ಹೊಲದ ಬದುವಿನಲ್ಲಿ ಕಿತ್ತ ಬೆರಕೆ ಸೊಪ್ಪು ಒಂದೇ ಮಡಕೆಯಲ್ಲಿ ಬೇಯುತ್ತವೆ. ಕಟ್ಟನ್ನು ಬಸಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಈರುಳ್ಳಿ ಹುಣಸೆ ಅರೆದು ಹಾಕಿ ಕುದಿಸಿದರೆ ಸಾರು. ಮಿಕ್ಕ ಸೊಪ್ಪುಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೆಂಕಿ, ಎರಡು ಅಡಿಗೆ, ಒಂದು ಹನಿಯೂ ದಂಡವಿಲ್ಲ. ಬಾಡು ಹೆಚ್ಚಾದ ದಿನ ಉದ್ದುದ್ದ ಕುಯ್ದು, ಉಪ್ಪು ಅರಿಸಿನ ಸವರಿ, ಹಗ್ಗಕ್ಕೆ ನೇತುಹಾಕಿ ಬಿಸಿಲಿಗೆ ಒಣಗಿಸಿದವರಿಗೆ ಫ್ರಿಜ್ ಬೇಕಿರಲಿಲ್ಲ. ಇದು ವಿದ್ಯೆಯಲ್ಲದೆ ಮತ್ತೇನು? ಯಾವ ಪುಸ್ತಕವೂ ಇಲ್ಲದೆ ಕೈಯಿಂದ ಕೈಗೆ ಬಂದ ವಿದ್ಯೆ.

ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದಿತು. ದೊಡ್ಡ ಹೋಟೆಲುಗಳು ರಾಗಿಗೆ ಒಳ್ಳೆ ಬೆಲೆ ಕಟ್ಟಿದವು. ಅದೇ ಹಿಟ್ಟು ನಮ್ಮ ತಟ್ಟೆಯಲ್ಲಿದ್ದಾಗ ಮಾತ್ರ ಬಡವರ ಊಟ! ಮರಾಠವಾಡದ ದಲಿತ ಅಡಿಗೆಮನೆಗಳ ಬಗ್ಗೆ ಶಾಹು ಪಾಟೋಳೆ 2015ರಲ್ಲಿ ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ನಮ್ಮ ಕೇರಿಗಳ ಅಡಿಗೆಯನ್ನು ಬರೆದಿಡುವವರು ನೀವಲ್ಲದೆ ಯಾರು?

ಹಾಗಂತ ಹಸಿವನ್ನು ಹಾಡಿ ಹೊಗಳಬೇಕಿಲ್ಲ. ಬರೀ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಂಡ ದಿನಗಳು ರುಚಿಯ ದಿನಗಳಲ್ಲ. 1927ರ ಮಾರ್ಚಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೆರೆಯ ನೀರಿನ ಹಕ್ಕನ್ನಷ್ಟೆ ಕೇಳಲಿಲ್ಲ. ಸತ್ತ ದನದ ಮಾಂಸವನ್ನು, ಎಸೆದ ಎಂಜಲನ್ನು ಬಿಡಿ ಎಂದು ನಮ್ಮವರಿಗೇ ಹೇಳಿದರು. ಇನ್ನೊಬ್ಬರ ಬಾಗಿಲಲ್ಲಿ ಕೈಯೊಡ್ಡಿ ತಂದದ್ದಕ್ಕೂ ನಮ್ಮ ದುಡಿಮೆಯಿಂದ ನಮ್ಮ ಒಲೆಯ ಮೇಲೆ ಬೆಂದದ್ದಕ್ಕೂ ಇರುವ ವ್ಯತ್ಯಾಸ ಅದು. ನಮ್ಮ ಮಟ್ಟಿಗೆ ಮನೆ ಅಡಿಗೆಯ ತತ್ವ ಅಂದರೆ ಇಷ್ಟೆ: ಬಿಸಿಬಿಸಿಯಾಗಿ, ನಮ್ಮ ಮನೆಯಲ್ಲಿ, ಯಾರ ಹಂಗೂ ಇಲ್ಲದೆ ಉಣ್ಣುವುದು.

ಇನ್ನೊಂದು ಮಾತು. ಇದು ನಮಗೇ ಚುಚ್ಚುವಂಥದ್ದು. ಸಭೆಗಳಲ್ಲಿ ಸಮಾನತೆಯ ಮಾತಾಡಿ ರಾತ್ರಿ ಹತ್ತಕ್ಕೆ ಮನೆಗೆ ಹೋಗುತ್ತೇವೆ. 'ಉಂಡ್ಯಾ ಮಗಾ?' ಅಂತ ಅವ್ವ ಎದ್ದು ಒಲೆ ಹಚ್ಚುತ್ತಾಳೆ. ಹಗಲೆಲ್ಲ ಕೂಲಿ ಮಾಡಿ ಬಂದವಳು. ನಮಗೆಲ್ಲ ಇಕ್ಕಿ, ಕೊನೆಗೆ ತಳ ಹಿಡಿದದ್ದನ್ನು ಕೆರೆದುಕೊಂಡು ಉಣ್ಣುತ್ತಾಳೆ. 'ನೀನು ಉಂಡ್ಯಾ ಅವ್ವಾ?' ಅಂತ ನಾವು ಎಷ್ಟು ಸಲ ಕೇಳಿದ್ದೇವೆ? ಊರಿನ ಪಂಕ್ತಿಭೇದವನ್ನು ಬೈಯುವ ನಾವು ಮನೆಯೊಳಗೇ ಒಂದು ಪಂಕ್ತಿ ಮಾಡಿ ಅವಳನ್ನು ಕೊನೆಗೆ ಕೂರಿಸಿಲ್ಲವೆ?

ಅದಕ್ಕೇ ಗೆಳೆಯರೆ, ಮುಂದಿನ ರಜೆಯಲ್ಲಿ ಅವ್ವನ ಪಕ್ಕ ಒಲೆಯ ಮುಂದೆ ಕೂರೋಣ. ಎಸರು ಯಾವಾಗ ಉಕ್ಕಿತು, ಹಿಟ್ಟು ಎಷ್ಟು ಬೀಳಬೇಕು, ಗಂಟಾಗದ ಹಾಗೆ ಕೋಲು ಹೇಗೆ ಆಡಬೇಕು ಅಂತ ಕೇಳಿ ಕಲಿಯೋಣ. ಮೊದಲ ಸಲ ಕೈ ಸುಡುತ್ತೆ, ಹಿಟ್ಟು ಗಂಟಾಗುತ್ತೆ, ಅವಳು ನಗ್ತಾಳೆ. ನಗಲಿ. ಹದವಾಗಿ ಬಂದ ದಿನ ಮೊದಲ ಮುದ್ದೆಯನ್ನು ಅವಳ ತಟ್ಟೆಗೆ ಇಕ್ಕೋಣ. ಅವಳು ಉಂಡ ಮೇಲೆ ನಾವು ಉಣ್ಣೋಣ.