ಬಾಡಿಗೆಯ ಬಿಡಾರಕ್ಕೆ ಮರುಭೂಮಿಯ ಹೂ

ಬಾಡಿಗೆಯ ಖೋಲಿಯಲ್ಲಿರುವವನಿಗೆ ಹೂಗಿಡದ ಗೊಡವೆಯೇಕೆ ಎಂಬ ಮಾತನ್ನು ನಮ್ಮವರ ಬಾಯಿಂದಲೇ ಹಲವು ಸಲ ಕೇಳಿದ್ದೇವೆ. ಹನ್ನೊಂದು ತಿಂಗಳ ಕರಾರು ಮುಗಿದೊಡನೆ ಬಿಡಾರ ಬದಲಿಸಬೇಕಾದ ಗುಮಾಸ್ತನೂ, ಹೊಟೇಲಿನ ಮಾಳಿಗೆಯಲ್ಲಿ ಹಾಸಿಗೆ ಬಿಚ್ಚುವ ಕಾರ್ಮಿಕನೂ ಮಲ್ಲಿಗೆಯ ಬಳ್ಳಿಯನ್ನು ನೆಟ್ಟು, ಅದು ಹಬ್ಬಿ ಹೂ ಬಿಡುವವರೆಗೆ ಕಾಯುವಂತಿಲ್ಲವೆಂಬುದು ನಿಜ. ಆದರೆ ಗಿಡವೆಂದರೆ ಮಲ್ಲಿಗೆಯೊಂದೇ ಅಲ್ಲ. ಒಂದೇ ಋತುವಿನಲ್ಲಿ ಮೊಳೆತು, ಅರಳಿ, ಬೀಜವಾಗಿ ಮುಗಿಯುವ ಮರುಭೂಮಿಯ ಕಾಡುಹೂಗಳುಂಟು. ನೆಲೆ ನಿಲ್ಲದವರಿಗೆ ತಕ್ಕ ಗಿಡಗಳು ಇವೇ ಎಂಬುದು ನಮ್ಮ ಅಭಿಪ್ರಾಯ.

ದಕ್ಷಿಣ ಆಫ್ರಿಕದ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಸಾಗರದ ಬದಿಗೆ, ನಮಕ್ವಾಲ್ಯಾಂಡ್ ಎಂಬ ಅರೆಮರುಭೂಮಿಯಿದೆ. ಅಲ್ಲಿಯ ಬಹುಭಾಗದಲ್ಲಿ ವರ್ಷವಿಡೀ ಬೀಳುವ ಮಳೆ 250 ಮಿಲಿಮೀಟರಿಗಿಂತ ಕಡಿಮೆ. ಮುಂಬಯಿಯಲ್ಲಿ ಸಾಮಾನ್ಯವಾಗಿ ಜುಲೈ ತಿಂಗಳೊಂದರಲ್ಲೇ ಇದರ ಮೂರು ಪಟ್ಟು ಸುರಿಯುತ್ತದೆ. ಚಳಿಗಾಲದ ಆ ಅಲ್ಪ ಮಳೆಯನ್ನು ಕುಡಿದೇ ಆಗಸ್ಟ್-ಸಪ್ಟೆಂಬರಿನಲ್ಲಿ ಆ ಬಯಲು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಕೆಲವೇ ವಾರಗಳಲ್ಲಿ ಎಲ್ಲವೂ ಒಣಗಿ ಬೀಜ ಮಾತ್ರ ಉಳಿಯುತ್ತದೆ. ಆ ಬೀಜಗಳೂ ಒಂದೇ ಮಳೆಗೆ ಎಲ್ಲವೂ ಮೊಳೆಯುವುದಿಲ್ಲ. ಕೆಲವು ಮುಂದಿನ ವರ್ಷಗಳಿಗೆಂದು ನೆಲದಲ್ಲೇ ತಡೆದಿರುತ್ತವೆ. ತಿಂಗಳ ಸಂಬಳವನ್ನು ಮೊದಲ ವಾರದಲ್ಲೇ ಮುಗಿಸುವ ನಮ್ಮ ಕೆಲವು ತರುಣರು ಇದನ್ನು ಗಮನಿಸಬಹುದು.

ದಿಲ್ಲಿಯ ವಾಚಕರಿಗೆ ಈ ಹೂಗಳು ಅಪರಿಚಿತವಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಅಲ್ಲಿಯ ತೋಟಗಳಲ್ಲಿ ಕಾಣುವ ಡೈಮಾರ್ಫೊಥೀಕ ಎಂಬ ಕಿತ್ತಳೆ ಹೂವೂ, ಎಲೆಯ ಮೇಲೆ ಹಿಮದ ಹರಳಿನಂತೆ ಹೊಳೆಯುವ ಐಸ್ ಪ್ಲಾಂಟೂ ಆ ಕಡೆಯವೇ. ಬಿಸಿಲಿದ್ದರೆ ಅರಳಿ, ಮೋಡ ಕವಿದರೆ ಮುಚ್ಚಿಕೊಳ್ಳುತ್ತವೆ. ಬೆಳಿಗ್ಗೆ ಹೊರಟು ಕತ್ತಲಾದ ಮೇಲೆ ಮರಳುವ ಗುಮಾಸ್ತನಿಗೆ ಭಾನುವಾರವಲ್ಲದೆ ಅವುಗಳ ದರ್ಶನವಿಲ್ಲವೆಂಬುದು ಒಂದು ಕೊರತೆಯೇ ಸರಿ.

ಇವುಗಳನ್ನು ಬೆಳೆಸುವಲ್ಲಿ ನಮ್ಮವರಿಂದ ಆಗುವ ಕೇಡೆಂದರೆ ಅತಿಯಾದ ಅಕ್ಕರೆ. ಹೊಟೇಲಿನ ಅಡಿಗೆಮನೆಯ ಹಿಂಬಾಗಿಲಲ್ಲಿ ಒಂದು ಕುಂಡವಿದ್ದರೆ ಸಾಕು, ಅಕ್ಕಿ ತೊಳೆದ ನೀರು, ಚಹದ ಸೊಪ್ಪು, ಕಾಫಿಯ ಚರಟ ಎಲ್ಲ ಅದಕ್ಕೇ ಎಂಬುದನ್ನು ವರ್ಷಗಟ್ಟಲೆ ಹೊಟೇಲು ನಡೆಸಿದ ನಾವು ಬಲ್ಲೆವು. ಬಸಳೆಗೆ ಅದು ಒಗ್ಗೀತು. ಮರುಭೂಮಿಯ ಸಸಿಗೆ ಆಗದು. ಗೊಬ್ಬರ ಹೆಚ್ಚಿದರೆ ಎಲೆ ಸೊಕ್ಕಿ ಹೂ ಕಡಿಮೆಯಾಗುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಎಣ್ಣೆಯ ಖಾಲಿ ಡಬ್ಬದ ತಳಕ್ಕೆ ಮೊಳೆಯಿಂದ ಎಂಟು ಹತ್ತು ತೂತು ಹೊಡೆದು, ಅರ್ಧ ಮಣ್ಣು ಅರ್ಧ ಮರಳು ತುಂಬಿ, ಆರು ತಾಸು ಬಿಸಿಲು ಬೀಳುವಲ್ಲಿ ಇಡತಕ್ಕದ್ದು. ಕಡಲ ದಂಡೆಯ ಉಪ್ಪು ಮರಳು ಬೇಡ. ದಿಲ್ಲಿಯಲ್ಲಾಗಲಿ ಪುಣೆಯಲ್ಲಾಗಲಿ ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಲ್ಲಿ, ಬೀಜವನ್ನು ಮಣ್ಣಿನ ಮೇಲೆಯೇ ಉದುರಿಸಿ ತೆಳ್ಳಗೆ ಮರಳು ಚಿಮುಕಿಸಬೇಕು. ಮೊಳಕೆ ಬರುವವರೆಗೆ ಮಣ್ಣು ಒಣಗಬಾರದು. ಬಳಿಕ ಬೆರಳಿಟ್ಟು ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ನೀರು. ನಲ್ಲಿಯಲ್ಲಿ ದಿನಕ್ಕೆ ಒಂದೆರಡು ತಾಸು ನೀರು ಬರುವ ಚಾಳಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಒತ್ತಾಗಿ ಬಂದ ಸಸಿಗಳನ್ನು ಕಿತ್ತು ಗೇಣಿಗೊಂದರಂತೆ ಉಳಿಸಬೇಕು. ಇದಕ್ಕೆ ಮನಸ್ಸು ಗಟ್ಟಿ ಬೇಕು.

ಮುಂಬಯಿ, ಚೆನ್ನೈಗಳ ಸೆಕೆಗೆ ಇವೆರಡೂ ಸುಲಭವಾಗಿ ಒಗ್ಗಲಾರವು. ಅಲ್ಲಿಯವರಿಗೆ ದಕ್ಷಿಣ ಅಮೇರಿಕದ ಒಣ ಬಯಲಿನಿಂದ ಬಂದ, ನಮ್ಮ ಗೋಣಿಸೊಪ್ಪಿನ ಹತ್ತಿರದ ಬಂಧುವಾದ ಹೂವೊಂದು ಇದ್ದೇ ಇದೆ. ಬಿಸಿಲೇರಿದ ಮೇಲೆ ಕಣ್ಣು ತೆರೆಯುವ ಅದನ್ನು ಮುಂಬಯಿಯ ಜನ ‘ಆಫೀಸ್ ಟೈಮ್’ ಎಂದು ಕರೆಯುತ್ತಾರೆ.

ನಮ್ಮ ಆಕ್ಷೇಪವಿರುವುದು ಏಪ್ರಿಲಿನಲ್ಲಿ ನಡೆಯುವ ಕೆಲಸದ ಬಗ್ಗೆ. ಹೂ ಬಾಡಿದೊಡನೆ ಗಿಡವನ್ನು ಕಿತ್ತೆಸೆದು, ಮುಂದಿನ ಚಳಿಗಾಲಕ್ಕೆ ಮತ್ತೆ ಹಣ ತೆತ್ತು ಸಸಿ ತರುವವರು ಬಹಳ. ಒಣಗಿದ ಗಿಡ ಕಣ್ಣಿಗೆ ಅಂದವಲ್ಲ, ಒಪ್ಪಿದೆವು. ಆದರೆ ಫಸಲು ಕೈಗೆ ಬರುವುದು ಆಗಲೇ. ಡೈಮಾರ್ಫೊಥೀಕ ಎಂಬ ಗ್ರೀಕ್ ಮೂಲದ ಹೆಸರೇ ಎರಡು ರೂಪದ ಬೀಜವನ್ನು ಸೂಚಿಸುತ್ತದೆ: ಹೂವಿನ ನಡುವಣದು ತೆಳುವಾದ ರೆಕ್ಕೆಯುಳ್ಳದ್ದು, ಅಂಚಿನದು ರೆಕ್ಕೆಯಿಲ್ಲದ ಗಡುಸು ಬೀಜ. ಎರಡನ್ನೂ ತೆಗೆದಿಡಿರಿ. ಐಸ್ ಪ್ಲಾಂಟಿನ ಕಾಯಿ ಇನ್ನೂ ಸೋಜಿಗದ್ದು. ಒಣಗಿದಾಗ ಬಿಗಿಯಾಗಿ ಮುಚ್ಚಿದ್ದು, ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ತೆರೆದುಕೊಳ್ಳುತ್ತದೆ. ಮರುಭೂಮಿಯಲ್ಲಿ ಮಳೆ ಬಿದ್ದಾಗ ಮಾತ್ರ ಬೀಜ ಹೊರಬೀಳಲೆಂಬ ಏರ್ಪಾಡು. ಚಹದ ಬಸಿಯಲ್ಲಿ ನೀರಿಟ್ಟು ಯಾರೂ ಇದನ್ನು ಪರೀಕ್ಷಿಸಬಹುದು.

ನೆರಳಲ್ಲಿ ಒಣಗಿಸಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮಳೆಗಾಲದ ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಟ್ರಂಕಿನಲ್ಲಿಟ್ಟರಾಯಿತು. ಕಚೇರಿಯಿಂದ ವರ್ಗವಾಗಲಿ, ಖೋಲಿಯ ಮಾಲಿಕನು ಕರಾರು ಮುಂದುವರಿಸದಿರಲಿ, ಊರಿಗೆ ಹೋದವನು ಎರಡು ತಿಂಗಳು ತಡೆದು ಬರಲಿ, ಆ ಪೊಟ್ಟಣಕ್ಕೆ ನೀರೆರೆಯುವವರು ಬೇಕಾಗಿಲ್ಲ. ಬೀಜ ಹೆಚ್ಚಾದ ದಿಲ್ಲಿಯ ಬಂಧುಗಳು ಪುಣೆಯವರಿಗೆ ಅಂಚೆಯಲ್ಲಿ ಕಳುಹಿಸಲಿ. ಒಂದು ಕಿಟಕಿಗೆ ಬೇಕಾದಷ್ಟು ಬೀಜ ಒಂದು ಲಕೋಟೆಯಲ್ಲಿ ಹಿಡಿಯುತ್ತದೆ.