ಮನೆಯಲ್ಲಿ ಬ್ಯಾರಿ ಆಡೋಣ
ಬದುಕು ಅರಸಿ ಕರಾವಳಿಯಿಂದ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಬಂದ ನಮ್ಮವರ ಮಕ್ಕಳ ಕಿವಿಗೆ ಬೀದಿಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್ ಬೀಳುತ್ತೆ. ಇದರ ಮೇಲೆ ಬ್ಯಾರಿಯೂ ಸೇರಿದರೆ ಗೊಂದಲ ಆಗಲ್ವಾ ಅಂತ ಹೆತ್ತವರು ಕೇಳ್ತಾರೆ. ಆಗಲ್ಲ. ಮದ್ರಸದಲ್ಲಿ ನಾವು ದಿನಾ ನೋಡ್ತೇವೆ: ಗೆಳೆಯನ ಹತ್ತಿರ ಕನ್ನಡ ಆಡಿದ ಮಗು ಉಮ್ಮ ಬಂದ ಕೂಡಲೇ ಬ್ಯಾರಿಗೆ ಹೊರಳುತ್ತದೆ. ಎರಡನ್ನು ಬೆರೆಸಿದರೂ ತಪ್ಪಲ್ಲ, ಅದು ಕಲಿಯುವ ದಾರಿ.

ಮಗುವಿಗೆ ಮಾತು ಬರುವುದು ಮಾತಾಡಿಸುವವರಿಂದ, ಮೊಬೈಲ್‌ನಿಂದಲ್ಲ. ಹಿರಿಯರನ್ನು ಹೇಗೆ ಕರೆಯಬೇಕು, ಎಲ್ಲಿ ದನಿ ತಗ್ಗಿಸಬೇಕು ಅನ್ನೋದೂ ಅದರ ಜೊತೆಗೇ ಬರುತ್ತೆ. ಸರ್ಕಾರ 2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪಿಸಿತು, ಸಂತೋಷ. ಆದರೆ ಊರಿಗೆ ಹೋದ ಮಗು ಅಜ್ಜಿಯ ಎದುರು ಮೂಕ ಆಗಬಾರದು ಅಂದ್ರೆ, ಊಟದ ಹೊತ್ತಿಗೆ ನಾವೇ ಬ್ಯಾರಿ ಆಡಬೇಕು.